ಶೌಕತನ ಮುಖ ಹೊತ್ತ ಎಲ್ವಾನ್

ಎಲ್ವಾನ್ ಗಾದ್ ಹುಟ್ಟುವಾಗಲೇ ಇನ್ನೊಬ್ಬನ ಮೂಗು ಹೊತ್ತು ಬಂದಿದ್ದ. ಆ ಇನ್ನೊಬ್ಬ ಶೌಕತ್ ದಮನ್ಹೂರಿ, ಸಿನಿಮಾದಲ್ಲಿ ನಗಿಸುವವನು. ಈಜಿಪ್ಟಿನಲ್ಲಿ ಟಿವಿ ಇರುವ ಮನೆಗಳಲ್ಲೆಲ್ಲ ಆ ಉದ್ದ ಮೂಗು, ಜೋತುಬಿದ್ದ ಕಣ್ಣುರೆಪ್ಪೆ, ಮುಂದಿನ ಹಲ್ಲುಗಳ ನಡುವಿನ ಸಂದು ಗೊತ್ತಿಲ್ಲದವರು ಇರಲಿಲ್ಲ. ಎಲ್ವಾನ್ ಕೈರೋದ ಅತಾಬಾ ಚೌಕದ ಹಿಂದಿನ ಓಣಿಯಲ್ಲಿ ಬೂಟಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೂಟು ಬೇಡದವರೂ ಅವನನ್ನು ನೋಡಲು ಒಳಗೆ ಬಂದು ಒಂದು ಜೋಡಿ ಹಾಕಿ ನೋಡಿ ಹೋಗುತ್ತಿದ್ದರಂತೆ.

ನಾನು ಮೊದಲು ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದವಳು. ಕಂಪನಿ ಮುಚ್ಚಿದ ಮೇಲೆ ಅಬ್ಬಾಸಿಯಾದಲ್ಲಿ ಹೆಂಗಸರ ಕೂದಲು ಕತ್ತರಿಸುವ ಸಣ್ಣ ಅಂಗಡಿ ಇಟ್ಟುಕೊಂಡೆ. ಎಲ್ವಾನನ ಹೆಂಡತಿ ಕರೀಮಾ ನನ್ನ ಗಿರಾಕಿ. ಔಷಧಿ ಕಂಪನಿಯೊಂದರ ವಾರ್ಷಿಕ ಊಟಕ್ಕೆ ಶೌಕತನ ಹಾಗೆ ಬಂದು ಜನರನ್ನು ನಗಿಸುತ್ತೀಯಾ ಎಂದು ಶೆರೀಫ್ ಎನ್ನುವ ಕಾರ್ಯಕ್ರಮದ ದಲ್ಲಾಳಿ ಕೇಳಿದಾಗ, ಅವಳು ಗಂಡನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಳು. ಕೂರಿಸಿದೆ, ಮೀಸೆ ಅಂಟಿಸಿದೆ, ಎಡಗೆನ್ನೆಗೊಂದು ಮಚ್ಚೆ ಇಟ್ಟೆ, ಹಣೆಯ ಕೂದಲು ಹಿಂದಕ್ಕೆ ಬಾಚಿದೆ. ಕನ್ನಡಿಯಲ್ಲಿ ಶೌಕತ್ ಕೂತಿದ್ದ. ಕರೀಮಾ ತಲೆವಸ್ತ್ರವನ್ನು ಸರಿಮಾಡಿಕೊಂಡಳು, ಪರಗಂಡಸಿನ ಎದುರು ಮಾಡುವ ಹಾಗೆ.

ಅಲ್ಲಿಂದ ಅದೇ ಅವನ ಕಸುಬಾಯಿತು. ಸಿಮೆಂಟ್ ಕಂಪನಿ, ವಿಮೆ ಕಂಪನಿ, ನೆಲಹಾಸಿನ ಟೈಲ್ಸ್ ಮಾಡುವವರು, ಬ್ಯಾಂಕಿನವರು, ಯಾರು ಹೋಟೆಲಿನಲ್ಲಿ ಸಭೆ ಮಾಡಿದರೂ ಕೊನೆಗೆ ಜೂನಿಯರ್ ಶೌಕತ್ ಬೇಕು. ಅವನು ಆ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದ. ಯಾವ ಮ್ಯಾನೇಜರು ಜಿಪುಣ, ಯಾರು ನಿವೃತ್ತರಾಗುತ್ತಿದ್ದಾರೆ, ಯಾವ ಇಬ್ಬರಿಗೆ ಮಾತಿಲ್ಲ ಎಂದೆಲ್ಲ ಮೊದಲೇ ವಿಚಾರಿಸಿಕೊಂಡು, ಅದನ್ನೆಲ್ಲ ಶೌಕತನ ಬಾಯಲ್ಲಿ ಹೇಳುತ್ತಿದ್ದ. ಮೊದಲು ಮಾಣಿಯ ಕೋಟು ಹಾಕಿಕೊಂಡು ಬಂದು ಟೇಬಲ್ಲಿನ ಮೇಲೆ ನೀರಿಡುವನು. ಯಾರೋ ತಲೆಯೆತ್ತಿ ನೋಡಿ ಕಿರುಚುವರು. ಆಮೇಲೆ ಇಡೀ ಸಭಾಂಗಣ ಎದ್ದು ನಿಲ್ಲುವುದು. ಶೌಕತನ ಎಲ್ಲ ಸಿನಿಮಾದಲ್ಲೂ ಒಂದು ಮಾತು ಬರುತ್ತಿತ್ತು. ಏನೋ ಎಡವಟ್ಟು ಮಾಡಿ ಪೊಲೀಸರ ಕೈಗೆ ಸಿಕ್ಕಾಗ ಎರಡೂ ಅಂಗೈ ತೋರಿಸಿ ಹೇಳುವನು: "ನಂಗೇನ್ ಗೊತ್ತು ಪಾಷಾ, ನಾನು ಸುಮ್ನೆ ದಾರೀಲಿ ಹೋಗ್ತಿದ್ದೋನು." ಅದನ್ನು ಎಲ್ವಾನ್ ಹೇಳದೆ ಯಾವ ಕಾರ್ಯಕ್ರಮವೂ ಮುಗಿಯುತ್ತಿರಲಿಲ್ಲ. ಮುಗಿದ ಮೇಲೆ ಅವನು ಅಡುಗೆಮನೆಯ ಪಕ್ಕದ ಓಣಿಯಲ್ಲಿ ನಿಂತು ಊಟ ಮಾಡುವನು, ಪಕ್ಕದಲ್ಲಿ ನಾನು. ಅಷ್ಟು ವರ್ಷಗಳಲ್ಲಿ ನಿನ್ನ ಹೆಸರೇನು ಎಂದು ಅವನನ್ನು ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಅಸಲಿ ಶೌಕತ್ ಒಮ್ಮೆ ಎದುರಾಗಿದ್ದ. ಸಿಮೆಂಟ್ ಕಂಪನಿಯವರು ತಮಾಷೆಗೆಂದು ಇಬ್ಬರನ್ನೂ ಕರೆಸಿದ್ದರು. ಶೌಕತ್ ವೇದಿಕೆಯ ಮೇಲೆ ಎಲ್ವಾನನ ಕಿವಿ ಹಿಡಿದುಕೊಂಡು, "ಇವನಿಗೆ ನನ್ನ ಮುಖ ಬಾಡಿಗೆಗೆ ಕೊಟ್ಟಿದ್ದೀನಿ, ಕೆಡಿಸಿದ್ರೆ ಅಡ್ವಾನ್ಸ್ ವಾಪಸ್ ಕೊಡಲ್ಲ" ಎಂದ. ಜನ ಬಿದ್ದು ಬಿದ್ದು ನಕ್ಕರು, ಎಲ್ವಾನನೂ ನಕ್ಕ. ಇಳಿದು ಬಂದ ಮೇಲೆ ಎಲ್ವಾನ್ ಒಂದು ಫೋಟೋ ತೆಗೆಸಿಕೊಳ್ಳೋಣವೇ ಉಸ್ತಾದ್ ಎಂದು ಮೆಲ್ಲಗೆ ಕೇಳಿದ್ದಕ್ಕೆ ಶೌಕತ್ ನಡೆಯುತ್ತಲೇ, "ಕನ್ನಡಿ ಮುಂದೆ ನಿಂತು ತೆಗೆಸ್ಕೊ" ಎಂದು ಹೊರಟುಹೋದ. ಆ ಮಾತನ್ನು ಎಲ್ವಾನ್ ಆಮೇಲೆ ತಾನೇ ಎಲ್ಲರಿಗೂ ಹೇಳಿ ನಗಿಸುತ್ತಿದ್ದ. ಕರೀಮಾ ಇದ್ದರೆ ಮಾತ್ರ ಹೇಳುತ್ತಿರಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ, ಮಂಜು ಕವಿದಿದ್ದಾಗ, ಹೊಸ ಬಡಾವಣೆಯ ಅಗಲ ರಸ್ತೆಯಲ್ಲಿ ಒಂದು ಕಾರು ಒಬ್ಬನನ್ನು ಹೊಡೆದು ಕೆಡವಿ ನಿಲ್ಲದೆ ಹೋಯಿತು. ಸತ್ತವನ ಹೆಸರು ಹಮ್ದಾನ್. ದಕ್ಷಿಣದಲ್ಲಿರುವ ಮೇಲಿನ ಈಜಿಪ್ಟಿನಿಂದ, ಸೊಹಾಗ್ ಕಡೆಯಿಂದ ಬಂದು ಅಲ್ಲಿಯ ಕಟ್ಟಡವೊಂದನ್ನು ಕಾಯುತ್ತಿದ್ದ. ಮೇಲಿನ ಮನೆಗಳವರ ತಿಂಡಿಗೆಂದು ಬಿಸಿ ರೊಟ್ಟಿಯ ಗಂಟು, ಬೇಯಿಸಿದ ಫೂಲ್ ಕಾಳಿನ ಡಬ್ಬಿ ಹಿಡಿದು ರಸ್ತೆ ದಾಟುತ್ತಿದ್ದನಂತೆ. ಅಂಗಡಿಯೊಂದರ ಕ್ಯಾಮೆರಾದಲ್ಲಿ ಕಾರು ಸಿಕ್ಕಿತು. ಅದು ಶೌಕತ್ ದಮನ್ಹೂರಿಯದು. ಆ ಕಾರಿನ ಸ್ಟೀರಿಂಗನ್ನು ಬೇರೆಯವರು ಮುಟ್ಟಲೂ ಬಿಡುವುದಿಲ್ಲ ಎಂದು ಅವನೇ ಟಿವಿಯಲ್ಲಿ ಜಂಬ ಕೊಚ್ಚಿಕೊಂಡಿದ್ದನ್ನು ದೇಶವೆಲ್ಲ ನೋಡಿತ್ತು. ಆದರೆ ಪೊಲೀಸ್ ಠಾಣೆಗೆ ಅವನ ಡ್ರೈವರ್ ಹೋಗಿ ಓಡಿಸುತ್ತಿದ್ದವನು ನಾನೇ ಎಂದು ಒಪ್ಪಿಕೊಂಡ. ಕೋರ್ಟು ಡ್ರೈವರನನ್ನು ಜೈಲಿಗೆ ಕಳಿಸಿತು. ಶೌಕತ್ ಚಿಕಿತ್ಸೆಯೆಂದು ಹೇಳಿ ಪರದೇಶಕ್ಕೆ ಹೋದ.

ಶೌಕತ್ ಹೋದ. ಅವನ ಮುಖ ಕೈರೋದಲ್ಲೇ ಉಳಿಯಿತು, ಎಲ್ವಾನನ ಕತ್ತಿನ ಮೇಲೆ.

ಸೇತುವೆಯ ನಡುವೆ ಟ್ಯಾಕ್ಸಿಯವನು ಗಾಡಿ ನಿಲ್ಲಿಸಿ ಇಳಿ ಎಂದ. ಫೂಲ್ ಮಾರುವವನು ಅವನ ಬಟ್ಟಲಿಗೆ ಹಾಕಲಿಲ್ಲ, ಹಿಂದಿನವನ ಬಟ್ಟಲು ತೆಗೆದುಕೊಂಡ. ಬಸ್ಸಿನಲ್ಲಿ ಒಬ್ಬ ಮುದುಕಿ ಅವನ ಅಂಗಿಯ ಮೇಲೆ ಉಗಿದಳು. ಪಕ್ಕದವರು ಇವನು ಅವನಲ್ಲ, ಜೂನಿಯರ್ ಎಂದು ತಿಳಿಹೇಳಿದರೆ, "ಜೂನಿಯರ್ ಆದ್ರೇನು, ಆ ಮುಖಕ್ಕೆ ಉಗೀಬೇಕು ಅನ್ನಿಸ್ತು" ಎಂದಳಂತೆ. ಹುಡುಗರು ಹಿಂದಿನಿಂದ ಅದೇ ಮಾತು ಕೂಗುತ್ತಿದ್ದರು, ನಾನು ಸುಮ್ನೆ ದಾರೀಲಿ ಹೋಗ್ತಿದ್ದೋನು ಅಂತ. ಅವನು ತಲೆ ಬೋಳಿಸಿಕೊಂಡ, ದಪ್ಪ ಕನ್ನಡಕ ಹಾಕಿದ, ಬಾಯಿಗೆ ಬಟ್ಟೆ ಕಟ್ಟಿದ. ಮೂಗನ್ನು ಏನು ಮಾಡುವುದು? ಕಂಪನಿಗಳು ಕರೆಯುವುದನ್ನು ಬಿಟ್ಟವು. ಬೂಟಿನ ಅಂಗಡಿಯವನೂ ಬೇಡ ಎಂದ. ಕರೀಮಾ ಹೊಲಿಗೆ ಹಾಕಿ ಮನೆ ನಡೆಸಿದಳು.

ವರ್ಷ ಕಳೆದ ಮೇಲೆ ಶೆರೀಫ್ ಮತ್ತೆ ಬಂದ. ಟಯರ್ ಮಾರುವ ಕಂಪನಿಯೊಂದರ ಸಮಾರಂಭ. ಜನರ ಸಿಟ್ಟು ಇಳಿದಿದೆ, ಈಗ ಅವರಿಗೆ ನಗಬೇಕು ಅನ್ನಿಸುತ್ತಿದೆ ಎಂದು ವಿವರಿಸಿದ. ಆಟ ಅವರೇ ಬರೆದಿದ್ದರು. ಶೌಕತ್ ಆಟಿಕೆಯ ಕಾರಿನ ಸ್ಟೀರಿಂಗ್ ಹಿಡಿದು ವೇದಿಕೆ ಸುತ್ತಬೇಕು, ಏನೋ ಧಡ್ ಎನ್ನಬೇಕು, ಟಯರಿನ ಹಿಡಿತದ ಬಗ್ಗೆ ಒಂದು ಮಾತು, ಕೊನೆಗೆ ಆ ಹಳೆಯ ಮಾತು. ಕರೀಮಾ ಹೋಗಬೇಡ ಎಂದಳು. ಹೋದರೆ ಹೊಲಿಗೆ ಯಂತ್ರದ ಮುಂದಿನಿಂದ ನಾನು ಏಳುವುದೂ ಇಲ್ಲ, ನಿನ್ನ ಮುಖ ನೋಡುವುದೂ ಇಲ್ಲ ಎಂದಳು. ಅವನು ಹೋದ. ಬಣ್ಣ ಹಚ್ಚಿದ್ದು ನಾನೇ. ವೇದಿಕೆಯ ಮೇಲೆ ಧಡ್ ಎಂದಿತು. ಅವನು ಅಂಗೈ ತೋರಿಸಿದ. ಆಮೇಲೆ ಎದ್ದ ನಗುವನ್ನು ನಾನು ಪರದೆಯ ಹಿಂದೆ ನಿಂತು ಕೇಳಿದೆ. ಹಾಗೆ ನಗುವುದನ್ನು ನಾನು ಮೊದಲು ಕೇಳಿರಲಿಲ್ಲ. ಯಾರದೋ ಫೋನಿನಿಂದ ಆ ಆಟ ಊರೆಲ್ಲ ಹರಡಿತು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಕಪ್ಪು ಬಟ್ಟೆಯ ಹೆಂಗಸೊಬ್ಬಳು ನನ್ನ ಅಂಗಡಿಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು. ಬಂದವರೆಲ್ಲ ಹೋಗುವವರೆಗೆ ಕಾದಳು. ಮೇಲಿನ ಸೀಮೆಯ ಮಾತು ಅವಳದು.

"ಆ ನಗಸೂ ಮನಷ್ಯಾಗ ಮಾರಿ ಮಾಡಿಕೊಡಾಕಿ ನೀವ ಏನ್ರೀ ಅಕ್ಕಾರ?"

ಹೌದು, ನೀವು ಯಾರಮ್ಮ ಎಂದೆ.

"ದಾರ್ಯಾಗ ಬಿದ್ದು ಸತ್ತಾನಲ್ರೀ, ಅವನ ಹೇಣ್ತಿ. ಅಫ್ಕಾರ್ ಅಂತಾರ ನನಗ."

ನಾನು ಎಲ್ವಾನನಿಗೆ ಫೋನ್ ಮಾಡಿದೆ. ಬಂದವನು ಅವಳು ಯಾರೆಂದು ಗೊತ್ತಾದ ಮೇಲೆ ಹೊಸ್ತಿಲ ಮೇಲೇ ನಿಂತುಬಿಟ್ಟ. ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

"ಕುಂದರು ಅಣ್ಣಾ," ಎಂದಳು. "ನಾ ಬೈಯಾಕ ಬಂದಿಲ್ಲ."

ಅವಳು ಹೇಳಿದ್ದು ಇಷ್ಟು. ಊರಿನಲ್ಲಿ ಅವಳ ಮಾವ ಹಾಜ್ ತುಹಾಮಿ ಇದ್ದಾರೆ. ಶೌಕತನ ವಕೀಲ ತಂದ ದುಡ್ಡಿನ ಚೀಲವನ್ನು ಅವರು ಬಿಚ್ಚಿ ನೋಡದೆ ವಾಪಸು ಕಳಿಸಿದರು. ಮಗ ಸತ್ತು ಇಷ್ಟು ದಿನವಾದರೂ ಸಂತಾಪಕ್ಕೆ ಬಂದವರನ್ನು ಮನೆಯೊಳಗೆ ಬಿಟ್ಟಿಲ್ಲ, ಅಂಗಳದಲ್ಲಿ ಕುರ್ಚಿ ಹಾಕಿಸಿಲ್ಲ, ಹೆಂಗಸರಿಗೆ ಅಳಲು ಬಿಟ್ಟಿಲ್ಲ. ಆ ಸೀಮೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು: ರಕ್ತದ ಋಣ ತೀರಿಲ್ಲ, ತೀರಿಸಬೇಕು. ಶೌಕತ್ ಪರದೇಶದಿಂದ ಮರಳಿದ್ದಾನೆ. ಅವಳ ಮೈದುನ ಬದ್ರಿ ಬಂದೂಕು ತಂದಿಟ್ಟುಕೊಂಡಿದ್ದಾನೆ, ಗೋಧಿ ಕೊಯ್ಲು ಮುಗಿದ ಮೇಲೆ ಕೈರೋಗೆ ಹೊರಡುತ್ತಾನೆ.

"ಒಬ್ಬನ್ನ ಮಣ್ಣಿಗೆ ಕೊಟ್ಟೀನಿ," ಎಂದಳು ಅಫ್ಕಾರ್. "ಇನ್ನೊಬ್ಬನ್ನ ಗಲ್ಲಿಗೆ ಕೊಡಾಕ ನನ್ನ ಕೈಲೆ ಆಗಂಗಿಲ್ಲ."

ಇದನ್ನು ನಿಲ್ಲಿಸಲು ಒಂದೇ ದಾರಿ. ಕೊಂದವನು ಬರಿಗಾಲಲ್ಲಿ, ತನ್ನ ಕಫನ್ ಬಟ್ಟೆಯನ್ನು ತಾನೇ ಕೈಯಲ್ಲಿ ಹೊತ್ತು ಸತ್ತವನ ಮನೆಗೆ ಬರಬೇಕು. ಇದು ನನ್ನ ಕತ್ತು, ಇದು ನನ್ನ ಹೆಣಕ್ಕೆ ಸುತ್ತುವ ಬಟ್ಟೆ, ಬೇಕಾದ್ದು ಮಾಡಿ ಎಂದು ತಲೆಬಾಗಬೇಕು. ಆಗ ಹಿರಿಯನು ಕ್ಷಮಿಸಿದರೆ ಅಲ್ಲಿಗೆ ಮುಗಿಯಿತು. ಅದನ್ನು ಕೇಳಿಕೊಳ್ಳಲು ಅವಳು ಶೌಕತನ ಬಂಗಲೆಯ ಗೇಟಿಗೆ ಎಷ್ಟೋ ಸಲ ಹೋಗಿದ್ದಳು. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತೆ ಎಂದು ವಕೀಲ ಹೇಳಿ ಕಳಿಸಿದ್ದ.

"ಅವನ ಮಾರಿ ನಿನ್ನ ಕಡೆ ಐತಿ, ದನಿ ಐತಿ. ಅವ ಬರಂಗಿಲ್ಲ. ನೀ ಬಾ."

ಅಲ್ಲಿ ಯಾರಾದರೂ ಗುಂಡು ಹಾರಿಸಿದರೆ ಏನಮ್ಮ ಗತಿ ಎಂದು ನಾನು ಕೇಳಿದೆ.

"ಕಫನ್ ಹೊತ್ತು ಬಂದಾವನ್ನ ನಮ್ಮಲ್ಲಿ ಯಾರೂ ಹೊಡಿಯಂಗಿಲ್ರೀ," ಎಂದವಳು, ತುಸು ತಡೆದು, "ಹೊಡದದ್ದು ನಾ ಕೇಳಿಲ್ಲ" ಎಂದಳು.

ಎಲ್ವಾನ್ ಕೇಳಿದ್ದು ಒಂದೇ ಪ್ರಶ್ನೆ.

"ಆ ಟಯರ್ ಕಂಪನಿ ವಿಡಿಯೋ ನೋಡಿದ್ರಾ ನೀವು?"

"ನೋಡೀನಿ. ಅದನ್ನ ನೋಡೇ ಬಂದೀನಿ."

ಅವನು ಬರುತ್ತೇನೆ ಎಂದ. ನಾನು ಅವನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಲು ನೋಡಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಕರೀಮಾ ಏನೆಂದಳೋ ನನಗೆ ಗೊತ್ತಿಲ್ಲ. ಹೊರಡುವ ದಿನ ಬೆಳಿಗ್ಗೆ ರೈಲು ನಿಲ್ದಾಣಕ್ಕೆ ಅವಳೂ ಬಂದಿದ್ದಳು, ಕೈಯಲ್ಲಿ ಒಂದು ಪೊಟ್ಟಣ. ಕಫನ್ ಬಟ್ಟೆ ಅವಳೇ ಕೊಂಡು, ತೊಳೆದು, ಇಸ್ತ್ರಿ ಹಾಕಿ ಮಡಿಸಿ ತಂದಿದ್ದಳು. ಗಂಡನ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಳು.

ವೇದಿಕೆಯ ಬಣ್ಣ ದೂರದಿಂದ ದೀಪದ ಬೆಳಕಿನಲ್ಲಿ ನೋಡುವವರಿಗೆ. ಇಲ್ಲಿ ಹಗಲು, ಕೈಗೆಟಕುವಷ್ಟು ಹತ್ತಿರ. ಸೊಹಾಗ್ ನಿಲ್ದಾಣದ ಹತ್ತಿರದ ಸಣ್ಣ ವಸತಿಗೃಹವೊಂದರ ಕಿಟಕಿಯ ಬಳಿ ಅವನನ್ನು ಕೂರಿಸಿ ಮೀಸೆಯನ್ನು ಎಳೆ ಎಳೆಯಾಗಿ ಕೂರಿಸಿದೆ. ಪರದೇಶದಿಂದ ಬಂದ ಶೌಕತ್ ಸೊರಗಿದ್ದ, ಮೀಸೆಯಲ್ಲಿ ಬಿಳಿ ಬಂದಿತ್ತು. ಎಲ್ವಾನನೂ ಆ ವರ್ಷದಲ್ಲಿ ಸೊರಗಿದ್ದರಿಂದ ಕೆನ್ನೆಗೆ ನಾನು ಹೆಚ್ಚೇನೂ ಮಾಡಬೇಕಾಗಲಿಲ್ಲ. ಹಾಜ್ ತುಹಾಮಿಯವರ ಎರಡೂ ಕಣ್ಣಿಗೆ ಪೊರೆ ಬಂದಿದೆ, ಮಸುಕು ಮಸುಕಾಗಿ ಕಾಣುತ್ತದೆ ಎಂದು ಅಫ್ಕಾರ್ ಹೇಳಿದ್ದಳು. ಆದರೆ ಕಿವಿ ಚುರುಕು, ಶೌಕತನ ಸಿನಿಮಾಗಳನ್ನೆಲ್ಲ ಕೇಳಿದವರು. ಬದ್ರಿಯ ಕಣ್ಣು ಮಾತ್ರ ಚೆನ್ನಾಗಿತ್ತು. ನಾನು ಹೆದರಿದ್ದು ಅವನಿಗೆ. ಪತ್ರಿಕೆಯವರಿಗೆ ಸುದ್ದಿಯಾಗಬಾರದು, ಅದಕ್ಕೇ ಗುಟ್ಟಾಗಿ ಬರುತ್ತಾನೆ ಎಂದು ಮನೆಯಲ್ಲಿ ಅವಳು ಹೇಳಿಟ್ಟಿದ್ದಳು. ನಾಲ್ಕಾರು ಹಿರಿಯರನ್ನು ಬಿಟ್ಟು ಊರಿಗೆ ತಿಳಿಸಿರಲಿಲ್ಲ.

ಕಾಲುವೆಯ ದಂಡೆಯಲ್ಲಿ ಟ್ಯಾಕ್ಸಿಯಿಂದ ಇಳಿದೆವು. ಎಲ್ವಾನ್ ಬೂಟು, ಕಾಲುಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟ. ಕಫನನ್ನು ಎರಡು ಮುಂಗೈಗಳ ಮೇಲೆ ಅಡ್ಡ ಇಟ್ಟುಕೊಂಡು ಕಬ್ಬಿನ ಹೊಲದ ಪಕ್ಕದ ಮಣ್ಣುದಾರಿಯಲ್ಲಿ ನಡೆದ. ಅಷ್ಟು ವರ್ಷ ಶೌಕತನ ನಡಿಗೆ ಕಲಿತವನು ಆ ದಿನ ಹೇಗೆ ನಡೆಯುತ್ತಿದ್ದನೆಂದರೆ, ಅದು ಯಾರ ನಡಿಗೆಯೋ ನನಗೆ ಗುರುತು ಸಿಗಲಿಲ್ಲ.

ಹೆಂಗಸರ ಜೊತೆ ನನ್ನನ್ನು ಒಳಮನೆಯಲ್ಲಿ ಕೂರಿಸಿದರು. ಗಂಡಸರ ಪಡಸಾಲೆಗೂ ನಮಗೂ ನಡುವೆ ಒಂದು ಪರದೆ. ಅದರ ಸಂದಿನಿಂದ ನೋಡಿದೆ. ಹಾಜ್ ತುಹಾಮಿ ಮರದ ಮಂಚದ ಮೇಲೆ ಕೋಲು ಊರಿ ಕೂತಿದ್ದರು. ದೊಡ್ಡ ಮೈಕಟ್ಟಿನ ಮನುಷ್ಯ, ಮುಖ ಬಾಗಿಲಿಗೆ ಹೊರಳಿತ್ತು. ಬದ್ರಿ ಗೋಡೆಗೆ ಒರಗಿ ನಿಂತಿದ್ದ. ಬಂದೂಕು ಅವನ ಕೈಯಲ್ಲಿರಲಿಲ್ಲ, ಗೂಟಕ್ಕೆ ತೂಗುಹಾಕಿತ್ತು.

ಎಲ್ವಾನ್ ಒಳಗೆ ಬಂದು ಮಂಡಿಯೂರಿ ಕೂತ. ಹೇಳಬೇಕಾದ ಮಾತನ್ನು ಅಫ್ಕಾರ್ ಅವನಿಗೆ ಬಾಯಿಪಾಠ ಮಾಡಿಸಿದ್ದಳು. ಶೌಕತನ ದನಿಯಲ್ಲಿ, ದೇಶವೆಲ್ಲ ಕೇಳಿ ನಕ್ಕ ಆ ದನಿಯಲ್ಲಿ, ಅವನು ಹೇಳಿದ: ನಾನು ಶೌಕತ್ ದಮನ್ಹೂರಿ. ನಿಮ್ಮ ಮಗ ಹಮ್ದಾನನ ರಕ್ತ ನನ್ನ ಮೇಲಿದೆ. ಇದು ನನ್ನ ಕಫನ್, ಇದು ನನ್ನ ಕತ್ತು.

ಮುದುಕರು ದನಿ ಬಂದ ಕಡೆಗೆ ಕಿವಿ ಹೊರಳಿಸಿದರು. ಒಳಗೆ ಅಫ್ಕಾರ್ ನನ್ನ ಮಣಿಕಟ್ಟು ಹಿಡಿದಿದ್ದಳು.

"ಗಾಡಿ ಯಾರು ಹೊಡೀತಿದ್ರು?" ಎಂದು ಕೇಳಿದರು.

ಈ ಪ್ರಶ್ನೆ ಬಾಯಿಪಾಠದಲ್ಲಿ ಇರಲಿಲ್ಲ.

"ನಾನೇ ಹಾಜ್. ಡ್ರೈವರ್ ಅಲ್ಲ, ನಾನೇ."

"ಹೊಡದ ಮ್ಯಾಗ ಇಳದು ನೋಡಿದ್ಯಾ?"

"ಇಲ್ಲ."

"ಅವ ಏನರ ಅಂದ್ನ? ನೀರು ಗೀರು ಕೇಳಿದ್ನ? ಅವ್ವನ್ನ ಕರದ್ನ?"

ಏನಾದರೂ ಒಂದು ಹೇಳಿಬಿಡಬಹುದಿತ್ತು. ದೇವರ ಹೆಸರು ಹೇಳಿದ, ಅಪ್ಪನನ್ನು ಕರೆದ ಎಂದಿದ್ದರೆ ಆ ಮುದುಕರಿಗೆ ಎಷ್ಟೋ ಹಗುರಾಗುತ್ತಿತ್ತು, ಅಲ್ಲಿದ್ದ ಯಾರಿಗೂ ಸುಳ್ಳೆಂದು ತಿಳಿಯುತ್ತಿರಲಿಲ್ಲ. ಎಲ್ವಾನನ ತುಟಿ ಅಲ್ಲಾಡಿತು.

"ನಂಗೆ ಗೊತ್ತಿಲ್ಲ ಹಾಜ್. ನಾನು ನಿಲ್ಲಿಸಲೇ ಇಲ್ಲ. ಕನ್ನಡೀಲಿ ನೋಡ್ದೆ, ರಸ್ತೆ ಮೇಲೆ ರೊಟ್ಟಿ ಬಿದ್ದಿತ್ತು. ಅಷ್ಟೇ ನಂಗೆ ಗೊತ್ತಿರೋದು."

ಅಷ್ಟು ಹೇಳಿ ಅವನು ಅತ್ತ. ಶೌಕತ್ ಯಾವ ಸಿನಿಮಾದಲ್ಲೂ ಅತ್ತವನಲ್ಲ. ಅಳುವಾಗ ಅವನ ದನಿ ಹೇಗಿರುತ್ತದೆಂದು ಕಲಿಯಲು ಎಲ್ವಾನನಿಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಅತ್ತದ್ದು ಅವನದೇ ದನಿಯಲ್ಲಿ. ಬದ್ರಿ ಗೋಡೆಯಿಂದ ಮೈ ಎತ್ತಿ ಎರಡು ಹೆಜ್ಜೆ ಮುಂದೆ ಬಂದು ಅವನ ಮುಖವನ್ನೇ ನೋಡುತ್ತ ನಿಂತ. ಕಣ್ಣೀರಿಗೆ ಮೀಸೆಯ ಅಂಟು ಬಿಡುತ್ತದೆಂದು ನನಗೆ ಗೊತ್ತಿತ್ತು.

ಹಾಜ್ ತುಹಾಮಿ ಕೈ ಚಾಚಿದರು. ಕಫನ್ ಮುಟ್ಟಿ ನೋಡಿದರು, ಆಮೇಲೆ ಎಲ್ವಾನನ ಕತ್ತು. ಬೆರಳುಗಳನ್ನು ಹಿಂಗತ್ತಿನ ಮೇಲೆ ಹಾಗೇ ಇಟ್ಟುಕೊಂಡಿದ್ದರು.

"ದೇವರಿಗೋಸ್ಕರ ಬಿಟ್ಟೀನಿ," ಎಂದರು. "ಏಳು. ಬದ್ರಿ, ಅಂಗಳಕ್ಕ ಕುರ್ಚಿ ಹಾಕಸು."

ಒಳಗಿದ್ದ ಹೆಂಗಸರು ಆಗ ಅಳಲು ಶುರುಮಾಡಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಗಂಟಲಲ್ಲಿ ತಡೆದಿಟ್ಟಿದ್ದ ಅಳು. ಅಫ್ಕಾರ್ ಗೋಡೆಗೆ ಹಣೆ ಹಚ್ಚಿ ಗಂಡನನ್ನು ಹೆಸರು ಹಿಡಿದು ಕೂಗಿದಳು.

ಊರಿನವರು ಬರುವ ಮೊದಲೇ ನಾವು ಹೊರಟೆವು. ರೈಲಿನಲ್ಲಿ ಎಲ್ವಾನ್ ನನ್ನಿಂದ ಎಣ್ಣೆ ಕೇಳದೆ ಮೀಸೆಯನ್ನು ಹಾಗೇ ಕಿತ್ತ. ತುಟಿಯ ಮೇಲೆ ರಕ್ತ ಜಿನುಗಿತು. ಯಾಕೋ ಹೀಗೆ ಮಾಡುತ್ತೀಯ ಎಂದು ಕರವಸ್ತ್ರ ಕೊಟ್ಟೆ.

"ಅವ್ರ ಬೆರಳು ತಣ್ಣಗಿತ್ತು ಸನಿಯ್ಯಕ್ಕ," ಎಂದ.

ಆ ಮೇಲೆ ಅವನು ವೇದಿಕೆ ಹತ್ತಲಿಲ್ಲ. ವಿಚಿತ್ರವೆಂದರೆ ಆಗಲೇ ಎಲ್ಲ ಕಡೆಯಿಂದ ಕರೆ ಬರತೊಡಗಿತು. ರಂಜಾನಿನ ಧಾರಾವಾಹಿಯೊಂದರಲ್ಲಿ ಶೌಕತ್ ಮತ್ತೆ ಬಂದಿದ್ದ, ಜನ ಹಳೆಯದನ್ನು ಮರೆತು ಮತ್ತೆ ನಗುತ್ತಿದ್ದರು. ಶೆರೀಫ್ ಮನೆಗೇ ಬಂದು ಗೋಗರೆದ. ಕರೀಮಾ ಟೀ ಕೊಟ್ಟು, ಮನೆಯಲ್ಲಿಲ್ಲ ಎಂದು ಕಳಿಸಿದಳು. ಎಲ್ವಾನ್ ಒಳಕೋಣೆಯಲ್ಲೇ ಇದ್ದ.

ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಉಳಿಯುವುದು ಹೇಗೆ? ಅಂಥ ದೊಡ್ಡ ಮನುಷ್ಯ ಬರಿಗಾಲಲ್ಲಿ ತಮ್ಮ ಮನೆಗೆ ಬಂದನೆಂದು ಅಲ್ಲಿದ್ದ ಹಿರಿಯರು ಪಕ್ಕದ ಊರುಗಳಲ್ಲಿ ಹೇಳಿಕೊಂಡರು. ಅವರಿಗೆ ಅದು ಹೆಮ್ಮೆಯ ಮಾತು. ಸುದ್ದಿ ಕೈರೋಗೆ ಬಂತು. ರಂಜಾನಿನಲ್ಲೇ, ಉಪವಾಸ ಬಿಟ್ಟು ಮನೆಮಂದಿಯೆಲ್ಲ ಟಿವಿಯ ಮುಂದೆ ಕೂತಿರುವ ಹೊತ್ತಿಗೆ, ಒಂದು ಮಾತುಕತೆಯ ಕಾರ್ಯಕ್ರಮದಲ್ಲಿ ಶೌಕತನನ್ನು ಕೇಳಿದರು: ನೀವು ಸೊಹಾಗಿಗೆ ಕಫನ್ ಹೊತ್ತು ಹೋಗಿದ್ದಿರಂತೆ, ನಿಜವೇ?

ಶೌಕತ್ ಹುಬ್ಬೇರಿಸಿದ. "ನಾನಾ? ಸೊಹಾಗ್ ರೈಲು ಯಾವ ಪ್ಲಾಟ್‌ಫಾರಮ್ಮಿಂದ ಹೊರಡುತ್ತೆ ಅನ್ನೋದೂ ನಂಗೊತ್ತಿಲ್ಲ. ನನ್ನ ಜೂನಿಯರ್ ಯಾರಾದ್ರೂ ಹೋಗಿರಬೇಕು, ಪಾಪ, ಕೆಲಸ ಇಲ್ಲದೋರು."

ತಮಾಷೆಗೆ ಅಂದದ್ದು. ಸ್ಟುಡಿಯೋ ನಕ್ಕಿತು. ನನ್ನ ಪಕ್ಕದ ಮನೆಯಲ್ಲೂ ನಕ್ಕರು, ಗೋಡೆಯಾಚೆಯಿಂದ ಕೇಳಿಸಿತು. ಸೊಹಾಗಿನ ಆ ಮನೆಯಲ್ಲೂ ಟಿವಿ ಹಚ್ಚಿತ್ತು.

ಹಬ್ಬ ಕಳೆದ ಮೇಲೆ ಬದ್ರಿ ಬಂದ. ಎಲ್ವಾನನ ಮನೆಯನ್ನು ಹೇಗೆ ಹುಡುಕಿದನೋ. ಅತ್ತಿಗೆಯನ್ನು ಕೂರಿಸಿ ಕೇಳಿರಬೇಕು. ಬಾಗಿಲು ತೆರೆದ ಎಲ್ವಾನನನ್ನು, ಮೀಸೆಯಿಲ್ಲದ ಮಚ್ಚೆಯಿಲ್ಲದ ಆ ಮುಖವನ್ನು, ಅವನು ನೋಡುತ್ತಲೇ ನಿಂತ ಎಂದು ಕರೀಮಾ ನನಗೆ ಹೇಳಿದಳು.

"ಅಪ್ಪ ಒಂದ ಮಾತು ಕೇಳ್ಕೊಂಡು ಬಾ ಅಂದಾನ," ಎಂದ ಬದ್ರಿ. "ಬಂದಿದ್ದಾವ ಯಾರು?"

"ಎಲ್ವಾನ್ ಗಾದ್. ಶೌಕತನ ವೇಷ ಹಾಕಿ ಕಂಪನಿಗಳಲ್ಲಿ ನಗಿಸೋನು."

ಬದ್ರಿ ಅವನ ದವಡೆಗೆ ಹೊಡೆದ. ಒಂದೇ ಪೆಟ್ಟು. ಎಲ್ವಾನ್ ಮೆಟ್ಟಿಲಿನ ಮೇಲೆ ಬಿದ್ದ. ಬದ್ರಿ ಅಲ್ಲೇ ಕೆಳಗಿನ ಮೆಟ್ಟಿಲಿನ ಮೇಲೆ ಕೂತುಕೊಂಡು ಮುಖ ಮುಚ್ಚಿಕೊಂಡ. ಊರಲ್ಲಿ ತಲೆ ಎತ್ತುವ ಹಾಗಿಲ್ಲ, ಹುಡುಗರೆಲ್ಲ ನಗುತ್ತಾರೆ ಎಂದ. ಶೌಕತನನ್ನು ಈಗಲೂ ಮುಗಿಸಿಬಿಡುತ್ತಿದ್ದೆ, ಆದರೆ ಅಪ್ಪ ಬಿಡುವುದಿಲ್ಲ ಎಂದ. ಬಿಟ್ಟಿದ್ದೇನೆ ಎಂದು ಹಾಜ್ ತುಹಾಮಿ ಊರಿನ ಮುಂದೆ ಹೇಳಿಯಾಗಿತ್ತು, ಕುರ್ಚಿ ಹಾಕಿಸಿ ಸಂತಾಪ ಪಡೆದಾಗಿತ್ತು. ಬಂದವನು ಯಾರೇ ಆಗಲಿ, ಮಾತು ಕೊಟ್ಟವನು ನಾನು ಎಂದು ಅವರು ಹಟ ಹಿಡಿದಿದ್ದರು. ಅಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದವರು ಆಮೇಲೆ ಯಾರೊಂದಿಗೂ ಮಾತಾಡಿಲ್ಲ.

ಕರೀಮಾ ಇಬ್ಬರಿಗೂ ನೀರು ತಂದುಕೊಟ್ಟಳು. ಬದ್ರಿ ಕುಡಿಯದೆ ಎದ್ದು ಹೋದ. ಆಸ್ಪತ್ರೆಯಲ್ಲಿ ಎಲ್ವಾನ್ ಮೆಟ್ಟಿಲಲ್ಲಿ ಜಾರಿಬಿದ್ದೆ ಎಂದು ಬರೆಸಿದ. ಮೂಳೆ ಕೂಡಿತು, ಆದರೆ ಸೊಟ್ಟಗೆ. ಬಾಯಿ ಎಡಕ್ಕೆ ಎಳೆದುಕೊಂಡಿತು, ಮುಂದಿನ ಎರಡು ಹಲ್ಲು ಹೋದವು. ಅಂದಿನಿಂದ ಬೀದಿಯಲ್ಲಿ ಅವನನ್ನು ಯಾರೂ ತಿರುಗಿ ನೋಡಲಿಲ್ಲ.

ಹಾಜ್ ತುಹಾಮಿ ಚಳಿಗಾಲ ಕಾಣದೆ ತೀರಿಕೊಂಡರು. ಅಫ್ಕಾರ್ ಫೋನ್ ಮಾಡಿ ತಿಳಿಸಿದಳು, ಬಾ ಎಂದು ಹೇಳಲಿಲ್ಲ. ಎಲ್ವಾನ್ ಒಬ್ಬನೇ ಹೋದ. ಸಂತಾಪದ ಶಾಮಿಯಾನದಲ್ಲಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತನಂತೆ. ಎಲ್ಲರ ಕೈ ಕುಲುಕುತ್ತ ಬಂದ ಬದ್ರಿ ಅವನ ಮುಂದೆ ನಿಂತ, ನೋಡಿದ, ಕೈ ಕೊಡದೆ ಪಕ್ಕದವನಿಗೆ ಕೊಟ್ಟ. ಆದರೆ ಏಳು ಎನ್ನಲಿಲ್ಲ. ಓದುಗಾರರು ಕುರಾನ್ ಓದಿ ಮುಗಿಸುವ ತನಕ ಎಲ್ವಾನ್ ಕೂತಿದ್ದು ಎದ್ದು ಬಂದ.

"ಅವ್ರು ನನ್ನ ಕ್ಷಮಿಸಿದ್ರೋ ಅವನ್ನ ಕ್ಷಮಿಸಿದ್ರೋ," ಎಂದು ನನ್ನನ್ನು ಕೇಳಿದ, ಬಂದ ಮೇಲೆ. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುತ್ತಿತ್ತು. "ನಾನು ಅವನಾಗಿದ್ರೆ ಸುಳ್ಳು. ನಾನು ನಾನಾಗಿದ್ರೆ ನಂಗ್ಯಾಕೆ ಕ್ಷಮೆ? ಆ ಟಯರ್ ಆಟಕ್ಕಾ? ಅದನ್ನಂತೂ ನಾನು ಹೇಳಲೇ ಇಲ್ವಲ್ಲ ಅವ್ರಿಗೆ."

ನಾನು ಟೀಗೆ ನೀರಿಟ್ಟೆ.

ಶೌಕತ್ ಚೆನ್ನಾಗಿದ್ದಾನೆ. ಹೊಸ ಧಾರಾವಾಹಿಯ ಅವನ ಚಿತ್ರ ರಾಮ್ಸೆಸ್ ಚೌಕದಲ್ಲಿ ಮೂರು ಮಹಡಿ ಎತ್ತರಕ್ಕೆ ನಿಂತಿದೆ. ಶೆರೀಫ್ ಬೇರೊಬ್ಬ ಜೂನಿಯರನನ್ನು ಹುಡುಕಿಕೊಂಡಿದ್ದಾನೆ, ಮೂಗು ಅಷ್ಟು ಹೋಲುವುದಿಲ್ಲ, ನೀವು ಬಂದು ಒಂದಿಷ್ಟು ತಿದ್ದಿಕೊಡಿ ಎಂದು ನನ್ನನ್ನು ಕೇಳಿದ. ಆಗುವುದಿಲ್ಲ ಎಂದೆ. ಎಲ್ವಾನನಿಗೆ ಬೂಟಿನ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಸಿಕ್ಕಿದೆ. ಗಿರಾಕಿಗಳ ಎದುರು ಬರಬೇಕಾಗಿಲ್ಲ.

ಅಫ್ಕಾರ್ ಊರಿಗೆ ಹೋಗಿ ನೆಲೆಸಿದಳು. ಬದ್ರಿ ಮದುವೆಯಾದ, ಟ್ರ್ಯಾಕ್ಟರ್ ಓಡಿಸುತ್ತಾನೆ. ಪ್ರತಿ ಹಬ್ಬಕ್ಕೂ ಅವಳು ಎಲ್ವಾನನಿಗೆ ಫೋನ್ ಮಾಡುತ್ತಾಳೆ. ಅವನು ಎತ್ತುವುದಿಲ್ಲ. ಕರೀಮಾ ಎತ್ತುತ್ತಾಳೆ. ಬದ್ರಿಗೆ ಮಗುವಾದದ್ದು, ಅದಕ್ಕೆ ಹಮ್ದಾನ್ ಎಂದು ಹೆಸರಿಟ್ಟದ್ದು, ಟೊಮೆಟೊ ದರ, ಮೊಣಕಾಲು ನೋವು, ಹೀಗೆ ಇಬ್ಬರೂ ತುಂಬ ಹೊತ್ತು ಮಾತಾಡುತ್ತಾರೆ. ಹೋದ ಹಬ್ಬಕ್ಕೆ ನಾನೂ ಅಲ್ಲಿದ್ದೆ. ಎಲ್ವಾನ್ ಸ್ವಲ್ಪ ಹೊತ್ತು ಕೇಳುತ್ತ ಕೂತಿದ್ದು, ಎದ್ದು, ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ.